ರಸ್ತೆಯ ಬಲಬದಿ

ಗಾಡಿಯ ಕೀ ಆರ್ಡಿಸ್‌ಳ ಸ್ವೆಟರಿನ ಜೇಬಿನಲ್ಲಿತ್ತು. ಲೈಲ್ ಮುಖ ತೊಳೆಯಲು ಹೋದಾಗ ಸ್ಟೀರಿಂಗ್ ಪಕ್ಕದ ಕೊಕ್ಕೆಯಿಂದ ಅದನ್ನು ತೆಗೆದುಕೊಂಡಿದ್ದಳು. ಅಷ್ಟಕ್ಕೇ, ಅಂಗಡಿಯಲ್ಲಿ ಏನನ್ನೋ ಕದ್ದವಳಂತೆ ಎರಡು ಸಲ ಹಿಂದೆ ತಿರುಗಿ ನೋಡಿದ್ದಳು. ಇವತ್ತು ಓಡಿಸುವವಳು ನಾನು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಒಲೆ ಹಚ್ಚುವಾಗ ಇನ್ನೊಂದು ಸಲ, ಮೊಟ್ಟೆ ಒಡೆಯುವಾಗ ಮತ್ತೊಂದು ಸಲ. ಮೂವತ್ತೆರಡು ಅಡಿ ಉದ್ದದ ಮನೆಗಾಡಿ ಅದು. ಮಂಚ, ಒಲೆ, ಕಕ್ಕಸು, ಕೂತು ತಿನ್ನುವ ಮೇಜು, ಎಲ್ಲ ಅದರ ಹೊಟ್ಟೆಯಲ್ಲೇ. ಅವಳು ಈ ತನಕ ಅದನ್ನು ಓಡಿಸಿದ್ದೆಂದರೆ ನಾರ್ತ್ ಡಕೋಟಾದ ತಮ್ಮ ಊರಿನಲ್ಲಿ, ಚರ್ಚಿನ ಹಿಂದಿನ ಬಯಲಿನಲ್ಲಿ, ಒಂದು ಭಾನುವಾರ ಎರಡು ಸುತ್ತು. ಆಗ ಲೈಲ್ ಪಕ್ಕದಲ್ಲಿ ಕೂತು, ಮಗುವಿಗೆ ಸೈಕಲ್ ಕಲಿಸುವವನಂತೆ ಚಪ್ಪಾಳೆ ತಟ್ಟಿದ್ದ.

ಅವನು ಬಂದು ಮೇಜಿಗೆ ಕೂತ. ಮೊಟ್ಟೆ, ಹುರಿದ ಆಲೂಗಡ್ಡೆ, ಎರಡು ತುಂಡು ಬ್ರೆಡ್ಡು. ತಟ್ಟೆಯ ಎಡಭಾಗದಲ್ಲಿದ್ದ ಮೊಟ್ಟೆಯನ್ನು ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, "ಇಷ್ಟೇನಾ ಇವತ್ತು?" ಎಂದ. ಆರ್ಡಿಸ್ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಆಲೂಗಡ್ಡೆ ಎಲ್ಲಿಂದಲೋ ಬಂದು ಕೂತಂತಾಗಿ ಅವನು ಮತ್ತೆ ಫೋರ್ಕು ಎತ್ತಿಕೊಂಡ. ಮಾರ್ಚ್ ತಿಂಗಳಿಂದ ದಿನಕ್ಕೆ ಮೂರು ಹೊತ್ತೂ ತಟ್ಟೆ ಹೀಗೆ ತಿರುಗುತ್ತಿತ್ತು. ಆ ಬಗ್ಗೆ ಇಬ್ಬರೂ ಒಂದು ಮಾತು ಆಡಿರಲಿಲ್ಲ. ತಲೆಯೊಳಗಿನ ಒಂದು ಸಣ್ಣ ನಾಳದಲ್ಲಿ ರಕ್ತ ಕಟ್ಟಿಕೊಂಡಿತ್ತು ಎಂದಿದ್ದರು ಡಾಕ್ಟರು. ಕಾಗದದ ಮೇಲೆ ಒಂದು ವೃತ್ತ ಬರೆದು, ಅದರ ಬಲ ಅರ್ಧವನ್ನು ಪೆನ್ನಿನಿಂದ ಗೀಚಿ ಕಪ್ಪು ಮಾಡಿ, "ಎರಡೂ ಕಣ್ಣಲ್ಲಿ ಇಷ್ಟು ಹೋಗಿದೆ. ಇನ್ನು ಗಾಡಿ ಮುಟ್ಟೋ ಹಾಗಿಲ್ಲ" ಎಂದಿದ್ದರು. ಆಸ್ಪತ್ರೆಯ ಹೊರಗೆ ಕಾರಿನ ಹತ್ತಿರ ಬಂದಾಗ ಲೈಲ್ ಆಕಾಶ ನೋಡುತ್ತ ನಿಂತಿದ್ದ. "ಮೂವತ್ತೊಂದು ವರ್ಷ ಹಿಮ ಗುಡಿಸೋ ಲಾರಿ ಓಡಿಸಿದೀನಿ. ಮೂತಿ ಮುಂದಿನ ಬಾನೆಟ್ಟೂ ಕಾಣದಂಥ ಬಿಳಿಯೊಳಗೆ. ಕಣ್ಣಲ್ಲಿ ಓಡಿಸ್ತಿದ್ದೆ ಅಂದ್ಕೊಂಡಿದೀಯಾ?" ಎಂದು ಕೈ ಚಾಚಿದ್ದ. ಕೀ ಅವಳ ಕೈಯಲ್ಲಿತ್ತು. ಆ ಕೈ ಚಾಚಿದ ರೀತಿ ಅವಳಿಗೆ ಈಗಲೂ ಕಾಣುತ್ತದೆ. ಆಜ್ಞೆಯೇನೂ ಇರಲಿಲ್ಲ ಅದರಲ್ಲಿ; ಬೆರಳುಗಳು ಸ್ವಲ್ಪ ನಡುಗುತ್ತಿದ್ದವು. ಅದಕ್ಕೇ ಕೊಟ್ಟುಬಿಟ್ಟಳು. ಗದರಿಸಿ ಕೇಳಿದ್ದರೆ ಬಹುಶಃ ಕೊಡುತ್ತಿರಲಿಲ್ಲ.

ಹೊರಡುವ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಸಭೆ. ಹದಿನೆಂಟು ಗಾಡಿಗಳ ಜನ ಕಾಫಿ ಲೋಟ ಹಿಡಿದುಕೊಂಡು ನದಿ ದಡದ ಜಲ್ಲಿಯ ಮೇಲೆ ಸುತ್ತುಗಟ್ಟಿ ನಿಂತಿದ್ದರು. ಎಲ್ಲರೂ ಅರವತ್ತು ದಾಟಿದವರು. ಎಲ್ಲರ ಎದೆಯ ಮೇಲೂ ಹೆಸರು ಮತ್ತು ಗಾಡಿಯ ನಂಬರು ಬರೆದ ಬಿಲ್ಲೆ. ನಡುವೆ ತಂಡದ ಮುಂದಾಳು ವೆಂಡೆಲ್ ಪ್ರೂಯಿಟ್. ಅರ್ಕನ್ಸಾಸಿನವನು, ಈ ದಾರಿಯಲ್ಲಿ ಹನ್ನೊಂದು ಸಲ ಜನರನ್ನು ಅಲಾಸ್ಕಾಕ್ಕೆ ಕರೆದೊಯ್ದವನು. "ಇವತ್ತು ಇನ್ನೂರ ಇಪ್ಪತ್ತು ಮೈಲಿ," ಎಂದ. "ಮೊದಲ ಅರವತ್ತು ಡಾಂಬರು, ಆಮೇಲೆ ಜಲ್ಲಿ. ಡೀಸೆಲ್ ಒಂದೇ ಕಡೆ ಸಿಗೋದು, ಅಲ್ಲಿ ಹಾಕಿಸದೇ ಹೋದ್ರೆ ನಿಮ್ಮನ್ನ ತಳ್ಳೋಕೆ ಕರಡಿಗಳೇ ಬರಬೇಕು." ಜನ ನಕ್ಕರು. "ಇನ್ನೊಂದು ವಿಷಯ. ನಿನ್ನೆ ಪೊಲೀಸಿನವರು ಈ ಕ್ಯಾಂಪಿನ ಆಫೀಸಿಗೆ ಫೋನ್ ಮಾಡಿದ್ರು. ಮೊನ್ನೆ ನಾವು ದಾಟಿ ಬಂದ್ವಲ್ಲ, ರಸ್ತೆ ಕೆಲಸ ನಡೀತಿದ್ದ ಜಾಗ? ಅಲ್ಲಿ ಗಾಡಿ ನಿಲ್ಲಿಸೋ ಕೆಂಪು ಫಲಕ ಹಿಡ್ಕೊಂಡು ನಿಂತಿದ್ದ ಹುಡುಗಿಗೆ ಯಾವುದೋ ಮನೆಗಾಡಿ ಬಡಿದು, ನಿಲ್ಲಿಸದೇ ಹೋಗಿದೆಯಂತೆ. ಮಣಿಕಟ್ಟು ಮುರಿದಿದೆ. ಧೂಳಲ್ಲಿ ನಂಬರು ಕಂಡಿಲ್ಲ. ನಿಮ್ಮವರೇನಾದ್ರೂ ಅಂತ ಕೇಳಿದ್ರು. ನಮ್ಮವರು ಅಂಥವರಲ್ಲ ಅಂತ ಹೇಳಿದೀನಿ."

ಆರ್ಡಿಸ್ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಣಿಕಟ್ಟು. ಎರಡು ದಿನಗಳಿಂದ ಅವಳು ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದೇನೆಂದರೆ, ಹುಡುಗಿ ಎದ್ದು ಕೂತಳು, ಕನ್ನಡಿಯಲ್ಲಿ ಕಂಡೆ, ಎದ್ದು ಕೂತಳು, ಏನೂ ಆಗಿಲ್ಲ. ಕಿತ್ತಳೆ ಬಣ್ಣದ ಅಂಗಿ ರಸ್ತೆಯ ಬಲಬದಿಯಲ್ಲಿ, ಗಾಡಿಗೆ ತೀರ ಹತ್ತಿರ ಬಂದು, ಥಟ್ ಎಂದು ಮಾಯವಾಗಿತ್ತು. "ಏನದು ಸದ್ದು?" ಎಂದು ಲೈಲ್ ಕೇಳಿದ್ದ. "ಕಲ್ಲು," ಎಂದಿದ್ದಳು. ಆ ಮಾತು ಯೋಚನೆಗೂ ಮೊದಲೇ ಬಾಯಿಂದ ಬಂದುಬಿಟ್ಟಿತ್ತು, ಯಾರೋ ಒಳಗೆ ಅದನ್ನು ಸಿದ್ಧ ಮಾಡಿ ಇಟ್ಟಿದ್ದಂತೆ. ಸಂಜೆ ಅವನು ಹೊರಗೆ ಕುರ್ಚಿ ಹಾಕಿಕೊಂಡು ಕೂತಾಗ ಬಲಗನ್ನಡಿಯ ಹಿಂಬದಿಯ ಬಿರುಕಿಗೆ ಕಪ್ಪು ಟೇಪು ಸುತ್ತಿದ್ದಳು. ಅದರ ಅಂಚಿಗೆ ಫಲಕದ ಕೆಂಪು ಬಣ್ಣ ಹತ್ತಿತ್ತು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳಿಗೆ ಯಾವ ಕಲೆಗೆ ಏನು ಹಾಕಬೇಕೆಂದು ಗೊತ್ತು. ಬಟ್ಟೆಗೆ ಸ್ವಲ್ಪ ವಿನೆಗರ್ ಹಾಕಿ ತಿಕ್ಕಿದಳು. ಬಣ್ಣ ಹೋಯಿತು.

"ಕತ್ತೆಗಳು!" ಎಂದ ಲೈಲ್, ಪಕ್ಕದಲ್ಲೇ, ಎಲ್ಲರಿಗೂ ಕೇಳುವಂತೆ. "ಅಂಥವರ ಲೈಸೆನ್ಸ್ ಕಿತ್ತು ಒಲೆಗೆ ಹಾಕಬೇಕು. ನಿಲ್ಲಿಸದೇ ಹೋಗೋದು ಅಂದ್ರೇನು?" ಸುತ್ತಲಿದ್ದವರು ಹೌದು ಹೌದೆಂದು ತಲೆಯಾಡಿಸಿದರು. ವೆಂಡೆಲ್ ಅವನ ಕಡೆ ಬೆರಳು ತೋರಿಸಿ, "ಕೇಳಿ, ನಮ್ಮ ಹಿಮದ ಲಾರಿ ಯಜಮಾನರು ಹೇಳ್ತಿರೋದು" ಎಂದ. ಲೈಲ್‌ನ ಮುಖ ಹೆಮ್ಮೆಯಿಂದ ಕೆಂಪಾಯಿತು. ಇದೇ ಕ್ಷಣ ಬಾಯಿ ಬಿಡಬೇಕು ಎಂದು ಆರ್ಡಿಸ್‌ಗೆ ಅನ್ನಿಸಿತು. ತುಟಿ ಬಿಚ್ಚಿದಳು ಕೂಡ. ಆದರೆ ಅವನ ಆ ಕೆಂಪು ಮುಖ, ಕಿವಿಯ ಹಿಂದೆ ಕ್ಷೌರದಲ್ಲಿ ತಪ್ಪಿಹೋಗಿ ಉಳಿದಿದ್ದ ಬಿಳಿ ಕೂದಲು, ಅದೂ ಬಲಗಡೆಯೇ, ಕಣ್ಣಿಗೆ ಬಿತ್ತು. ಹದಿನೆಂಟು ಗಾಡಿಗಳ ಜನರೆದುರು ಅವನನ್ನು ಕೆಡವುವುದು ಅವಳಿಂದಾಗಲಿಲ್ಲ. ಬಾಯಿ ಮುಚ್ಚಿ ಕಾಫಿ ಕುಡಿದಳು. ಆರಿ ಕಹಿಯಾಗಿತ್ತು.

ಕೀ ಮಾತ್ರ ಕೊಡಲಿಲ್ಲ. ಗಾಡಿಯೊಳಗೆ ಅವನು ಕೊಕ್ಕೆಯ ಮೇಲೆ ಕೈಯಾಡಿಸುತ್ತಿದ್ದಾಗ ಅವಳು ಪಕ್ಕದಿಂದ ಹಾದುಹೋಗಿ ಡ್ರೈವರ್ ಸೀಟಿನಲ್ಲಿ ಕೂತಳು.

"ಇದೇನಾಟ?"

"ಇವತ್ತು ನಾನು ಓಡಿಸ್ತೀನಿ."

"ಜಲ್ಲಿ ರಸ್ತೆ ಕಣೆ, ನೂರಾ ಅರವತ್ತು ಮೈಲಿ. ನಿನ್ನ ಕಾರಲ್ಲಿ ತರಕಾರಿ ತರೋಕೆ ಹೋದ ಹಾಗಲ್ಲ."

"ಗೊತ್ತು."

"ಎದ್ದೇಳು ಆರ್ಡಿಸ್. ಜನ ನೋಡ್ತಿದಾರೆ."

ಅವಳು ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಬೆಲ್ಟು ಹಾಕಿಕೊಂಡಳು. ಅವನು ಅವಳ ತಲೆಯ ಮೇಲೆ ಬಾಗಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ. ಅವನ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು. ಎಳೆದೆಬ್ಬಿಸುತ್ತಾನೇನೋ ಎನ್ನಿಸಿ ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಅಷ್ಟರಲ್ಲಿ ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೋದಲ್ಲಿ ವೆಂಡೆಲ್ ಒಂದೊಂದೇ ನಂಬರು ಕೂಗತೊಡಗಿದ. ತಮ್ಮ ನಂಬರು ಏಳು ಬಂದಾಗ ಅವಳೇ ಮೈಕು ತೆಗೆದುಕೊಂಡು, "ಏಳು ಸಿದ್ಧ" ಎಂದಳು. ಹಿಂದಿನ ಗಾಡಿಯೊಂದರಿಂದ ಯಾವನೋ, "ಏಳನೇ ಗಾಡಿಲಿ ಸರ್ಕಾರ ಬದಲಾಯ್ತೇನ್ರಪ್ಪಾ? ಎಲ್ರೂ ಜಾಗ ಬಿಟ್ಟು ನಡೀರಿ!" ಎಂದ. ಲೈಲ್ ಮೈಕನ್ನು ಅವಳ ಕೈಯಿಂದ ಕಿತ್ತುಕೊಂಡು, ನಗೆ ತಂದುಕೊಂಡು, "ಹೆಂಡ್ತಿ ಆಸೆ ಪಟ್ಟಿದಾಳೆ. ಹತ್ತು ಮೈಲಿ ಆಡ್ಲಿ ಬಿಡಿ" ಎಂದ. ಆಮೇಲೆ, ಸ್ಟೀರಿಂಗ್ ಎಡಕ್ಕಿದ್ದ ಆ ಗಾಡಿಯಲ್ಲಿ, ಪಕ್ಕದವರು ಕೂರುವ ಬಲಗಡೆಯ ಸೀಟಿನಲ್ಲಿ ಕೂತ. ಇಷ್ಟು ವರ್ಷ ಅವಳು ನಕ್ಷೆ ಇಟ್ಟುಕೊಂಡು ಕೂರುತ್ತಿದ್ದ ಸೀಟು. ಅವಳ ದಿಂಬು ಇನ್ನೂ ಅಲ್ಲೇ ಇತ್ತು; ಅದನ್ನೆತ್ತಿ ಹಿಂದಕ್ಕೆಸೆದ.

ಹತ್ತು ಮೈಲಿ ಕಳೆಯಿತು, ಇಪ್ಪತ್ತಾಯಿತು. ಗಾಡಿ ಅವಳು ಹೆದರಿದಷ್ಟು ದೊಡ್ಡದೇನೂ ಆಗಿರಲಿಲ್ಲ, ಅಥವಾ ಅವಳ ಭಯ ಬೇರೆ ಯಾವುದರ ಮೇಲೋ ಖರ್ಚಾಗಿತ್ತು. ಎರಡೂ ಕಡೆ ಕೋಲಿನಂಥ ಸಣಕಲು ಸ್ಪ್ರೂಸ್ ಮರಗಳು, ಅವುಗಳಾಚೆ ಮರಗಳೇ, ಅದರಾಚೆ ಹಿಮ ಇನ್ನೂ ಕರಗದ ಬೆಟ್ಟ. ಡಾಂಬರು ಮುಗಿದ ಕಡೆ ಗಾಡಿ ಒಮ್ಮೆ ಕುಲುಕಿ, ಕಪಾಟಿನೊಳಗಿನ ಪಾತ್ರೆಗಳೆಲ್ಲ ಒಟ್ಟಿಗೆ ಗಲಗಲ ಎಂದವು. ಮುಂದಿನ ಗಾಡಿಯ ಧೂಳು ಗೋಡೆಯಂತೆ ಎದ್ದು ಬಂತು. "ಎಡಕ್ಕೆ ಹೋಗ್ತಿದೀಯ," ಎನ್ನುತ್ತಿದ್ದ ಲೈಲ್. "ತೀರ ಎಡಕ್ಕೆ. ಬಲಕ್ಕೆ ಬಾ." ಬಲಕ್ಕೆ ಒಂದು ಮೊಳದಾಚೆ ಕಂದಕ. ಅವನಿಗೆ ಅದು ಇರಲೇ ಇಲ್ಲ. ಅವನ ಲೋಕ ಗಾಡಿಯ ನಡುವಿಗೇ ಮುಗಿದುಹೋಗುತ್ತಿತ್ತು. ಮೊದಲ ಸಲ ಅವಳಿಗೆ ಇದು ಮೈಯಲ್ಲಿ ಅರ್ಥವಾಯಿತು: ಹನ್ನೆರಡು ದಿನ, ಒಂದೂವರೆ ಸಾವಿರ ಮೈಲಿ, ಇವನ ಬಲಗಡೆಯಲ್ಲಿ ತಾನು ಕೂತು, ನದಿ ನೋಡು, ಕುರಿ ನೋಡು ಎಂದು ಬೆರಳು ತೋರಿಸಿದ್ದೆಲ್ಲ ಕತ್ತಲೆಗೆ ತೋರಿಸಿದ್ದು. ಅವನು ಪ್ರತಿ ಸಲವೂ "ನೋಡ್ದೆ ನೋಡ್ದೆ" ಎಂದಿದ್ದ. ಬಹುಶಃ ತಾನೂ ಕತ್ತಲೆಯಲ್ಲೇ ಕೂತಿದ್ದೆನೇನೋ. ಆಸ್ಪತ್ರೆಯ ಕಾಗದವನ್ನು ಹೊಲಿಗೆ ಡಬ್ಬಿಯ ತಳದಲ್ಲಿಟ್ಟು ಅದರ ಮೇಲೆ ದಾರದುಂಡೆ ಜೋಡಿಸಿದವಳು ಯಾರು? ಮಗ ಫೋನು ಮಾಡಿ "ಅಪ್ಪ ಹೇಗಿದಾರೆ?" ಎಂದಾಗ, "ಗುಂಡುಕಲ್ಲಿನ ಹಾಗಿದಾರೆ ಕಣೋ" ಎಂದವಳು ಯಾರು? ಸ್ಟೀರಿಂಗ್ ಅಂಗೈಯಲ್ಲಿ ಜಾರುತ್ತಿತ್ತು. ಒಂದೊಂದೇ ಕೈ ಬಿಟ್ಟು ಪ್ಯಾಂಟಿಗೆ ಒರೆಸಿಕೊಂಡಳು.

ಮಧ್ಯಾಹ್ನ ರಸ್ತೆ ಬದಿಯ ಅಗಲವಾದ ಜಾಗದಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ಎಂಟನೇ ಗಾಡಿಯ ಓಪಲ್ ಓಡಿಬಂದು ಆರ್ಡಿಸ್‌ಳ ಬೆನ್ನಿಗೆ ಗುದ್ದಿದಳು. ಓಕ್ಲಹೋಮಾದ ವಿಧವೆ, ತನ್ನ ಗಾಡಿಯನ್ನು ತಾನೇ ಓಡಿಸುತ್ತ ಒಬ್ಬಳೇ ಬಂದವಳು. "ಅರವತ್ತೆಂಟನೇ ವಯಸ್ಸಿಗೆ ಬಡ್ತಿ ಸಿಕ್ತಲ್ಲೇ ನಿಂಗೆ! ಹಿಂದಿಂದ ನೋಡ್ತಾನೇ ಬಂದೆ. ನಿನ್ನ ಗಂಡನಿಗಿಂತ ನೆಟ್ಟಗೆ ಹೋಗ್ತೀಯ ಮಾರಾಯ್ತಿ, ಅವನು ಹಾವು ಹೋದ ಹಾಗೆ ಹೋಗ್ತಿದ್ದ." ಲೈಲ್ ಕೇಳಿಸಿಕೊಂಡೂ ಕೇಳಿಸದವನಂತೆ ಸ್ಯಾಂಡ್‌ವಿಚ್ ಅಗಿಯುತ್ತಿದ್ದ. ಆರ್ಡಿಸ್ ನಕ್ಕಳು. ನಗು ತನ್ನದಲ್ಲವೆನ್ನಿಸಿತು.

ಮತ್ತೆ ಹೊರಡುವ ಹೊತ್ತು. ಮುಂದಿನ ಐದಾರು ಗಾಡಿಗಳು ಆಗಲೇ ರಸ್ತೆಗೆ ಬಿದ್ದಿದ್ದವು. ಎಂಜಿನ್ನು ಶುರುಮಾಡಿದ ಆರ್ಡಿಸ್, ಗಾಡಿಯನ್ನು ಬಲಕ್ಕೆ ತಿರುಗಿಸಿಕೊಂಡು ಹೊರಡಬೇಕಿದ್ದರಿಂದ, ಅಭ್ಯಾಸವಿಲ್ಲದ ಕೈಯ ಅಳುಕಿನಲ್ಲಿ ಕೇಳಿಬಿಟ್ಟಳು: "ಬಲಗಡೆ ಖಾಲಿಯಿದೆಯಾ?"

ಲೈಲ್ ತಲೆಯನ್ನು ಕಿಟಕಿಯ ಕಡೆ ತಿರುಗಿಸಿ, ನೋಡಿ, "ಖಾಲಿ. ಹೊರಡು" ಎಂದ.

ಅವಳ ಕಾಲು ಬ್ರೇಕಿನಿಂದ ಮೇಲೇಳಲಿಲ್ಲ. ಬೆಲ್ಟು ಬಿಚ್ಚಿ, ಅವನ ಮೊಣಕಾಲಿನ ಮೇಲಿಂದ ಬಾಗಿ ನೋಡಿದಳು. ಮುಂದಿನ ಚಕ್ರಕ್ಕೆ ಎರಡು ಮಾರು ದೂರದಲ್ಲಿ, ಕೆಂಪು ಟೋಪಿ ಹಾಕಿಕೊಂಡು, ಒಂದು ಡಬ್ಬಿ ಹಿಡಿದುಕೊಂಡು ಓಪಲ್ ನಿಂತಿದ್ದಳು. ಇವರನ್ನು ನೋಡಿ ಡಬ್ಬಿ ಎತ್ತಿ ಅಲ್ಲಾಡಿಸಿದಳು. ಆರ್ಡಿಸ್ ಕಿಟಕಿ ಇಳಿಸಿದಳು. "ದಾಲ್ಚಿನ್ನಿ ಬನ್ನು ಕಣೆ, ದಾರಿಗೆ," ಎಂದು ಓಪಲ್ ಡಬ್ಬಿಯನ್ನು ಲೈಲ್‌ನ ತೊಡೆಯ ಮೇಲಿಟ್ಟು, ಅವನ ಭುಜ ತಟ್ಟಿ ಹೋದಳು. ಅವನು ಎಲ್ಲಿಂದಲೋ ಬಂದ ಕೈಗೆ ಬೆಚ್ಚಿಬಿದ್ದ. ಡಬ್ಬಿಯನ್ನು ನೋಡುತ್ತ ಕೂತ.

ಆರ್ಡಿಸ್ ಎಂಜಿನ್ನು ಆರಿಸಿದಳು.

"ಲೈಲ್, ಮೊನ್ನೆ ತಗುಲಿದ್ದು ಕಲ್ಲಲ್ಲ."

"ಯಾವುದು?"

"ಕನ್ನಡಿಗೆ ತಗುಲಿದ್ದು. ಬೆಳಿಗ್ಗೆ ವೆಂಡೆಲ್ ಹೇಳಿದ ಹುಡುಗಿ. ಬಡಿದದ್ದು ನಾವೇ."

"ಸುಮ್ನಿರು. ನಾನಲ್ವಾ ಓಡಿಸ್ತಿದ್ದಿದ್ದು? ನಂಗೆ ಕಾಣಿಸ್ತಿರ್ಲಿಲ್ವಾ?"

"ನಿಂಗೆ ಕಾಣಲಿಲ್ಲ. ಈಗ ಓಪಲ್ ಕಾಣಲಿಲ್ವಲ್ಲ, ಹಾಗೆ. ನಂಗೆ ಕಾಣಿಸ್ತು."

ಹೊರಗೆ ಒಂದು ಗಾಡಿ ಹೊರಟು ಅದರ ಧೂಳು ಕಿಟಕಿಯಿಂದ ಒಳಬಂತು. ಯಾರೂ ಕಿಟಕಿ ಮುಚ್ಚಲಿಲ್ಲ. ಅವಳು ಅವನ ಕೋಪಕ್ಕೆ ಕಾದಳು, ಬೈಗುಳಕ್ಕೆ ತಯಾರಾಗಿದ್ದಳು. ಬಂದದ್ದು ತೀರ ಸಣ್ಣ ದನಿ. "ನೋಡಿ ಸುಮ್ನೆ ಕೂತಿದ್ಯಾ?"

"ಕೂತಿದ್ದೆ."

"ಇವತ್ತು ಬೆಳಿಗ್ಗೆ ಅಷ್ಟು ಜನರ ಮುಂದೆ ನಾನು ಕತ್ತೆ ಅಂತ ಕೂಗ್ತಿದ್ರೂ..."

"ಹೂಂ."

"ನನ್ನನ್ನ ಏನು ಅಂತ ಮಾಡಿಟ್ಟಿದೀಯ ನೀನು?"

ನಿನಗಾಗಿ ಮಾಡಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲೇ ಅಸಹ್ಯವೆನ್ನಿಸಿತು. ಅವನಿಗಾಗಿ ಎಂದರೆ ಯಾವುದು? ತಟ್ಟೆ ತಿರುಗಿಸಿದ್ದೇ? ಕೀ ಕೊಟ್ಟದ್ದೇ? ಊರಿನಲ್ಲಿ ಜನ ತಮ್ಮಿಬ್ಬರನ್ನು ಕುರಿತು, ಟೋಲೆಫ್ಸನ್ ದಂಪತಿಗಳು ಅಲಾಸ್ಕಾಕ್ಕೆ ಹೊರಟರಂತೆ ಎಂದು ಆಡಿಕೊಳ್ಳುವಾಗ ಖುಷಿಪಟ್ಟವಳು ತಾನಲ್ಲವೇ? ಅಷ್ಟರಲ್ಲಿ ಲೈಲ್‌ನ ದನಿ ಬದಲಾಯಿತು. ಅವಳ ಕಡೆಗೆ ಪೂರ್ತಿ ತಿರುಗಿ ಕೂತು, ಮೆಲ್ಲನೆ, ಮಕ್ಕಳನ್ನು ರಮಿಸುವಂತೆ ಹೇಳತೊಡಗಿದ. "ನೋಡು, ಇನ್ನೂ ಯಾರಿಗೂ ಗೊತ್ತಿಲ್ಲ. ಮಣಿಕಟ್ಟು ತಾನೇ, ಕೂಡ್ಕೊಳುತ್ತೆ. ಇನ್ಮೇಲೆ ಎಲ್ಲ ನೀನೇ ಓಡಿಸು, ನಾನು ಒಂದು ಮಾತು ಆಡಲ್ಲ. ಊರಿಗೆ ಹೋಗ್ತಿದ್ದ ಹಾಗೆ ಗಾಡಿ ಮಾರೋಣ. ಏನಂತೀಯ?" ಒಂದು ಗಳಿಗೆ, ಪೂರ್ತಿ ಒಂದು ಗಳಿಗೆ, ಅದು ಅವಳಿಗೆ ಬೇಕೆನಿಸಿತು. ಎಷ್ಟು ಸುಲಭ. ಮುಂದೆ ಧೂಳಿತ್ತು, ಧೂಳಿನಾಚೆ ಸಂಜೆಯ ಊಟ, ನಾಳೆ ಇನ್ನೊಂದು ನದಿ. ಅವನು ಮಾರ್ಚ್ ತಿಂಗಳಲ್ಲಿ ಚಾಚಿದ್ದಂತೆಯೇ ಈಗಲೂ ಕೈ ಚಾಚಿದ್ದ, ಅದೇ ನಡುಗುವ ಬೆರಳು. ಆ ಬೆರಳುಗಳನ್ನು ನೋಡಿದ ಮೇಲೆಯೇ ಅವಳು ಮೈಕು ಕೈಗೆ ತೆಗೆದುಕೊಂಡದ್ದು.

"ವೆಂಡೆಲ್, ಏಳನೇ ಗಾಡಿ."

"ಹೇಳಿ ಆರ್ಡಿಸ್. ಪಂಕ್ಚರ್ರಾ?"

"ಮೊನ್ನೆ ಆ ಹುಡುಗಿಗೆ ಬಡಿದದ್ದು ನಮ್ಮ ಗಾಡಿ."

ರೇಡಿಯೋ ಗರಗರ ಎಂದಿತು. "ಆರ್ಡಿಸ್, ಬೇರೆ ಚಾನೆಲ್‌ಗೆ ಬನ್ನಿ. ಇಲ್ಲಿ ಎಲ್ರಿಗೂ ಕೇಳುತ್ತೆ."

"ಬೇಡ. ಇಲ್ಲೇ ಹೇಳ್ತೀನಿ. ಲೈಲ್‌ಗೆ ಬಲಗಡೆ ಕಾಣೋಲ್ಲ. ಮಾರ್ಚಿಂದ ಕಾಣೋಲ್ಲ. ಗಾಡಿ ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ರು, ನಾನು ಪಕ್ಕದಲ್ಲೇ ಇದ್ದೆ. ಹುಡುಗಿ ಬಿದ್ದದ್ದನ್ನ ನಾನು ನೋಡಿದೆ. ನೋಡಿ ಹೇಳಲಿಲ್ಲ. ಇಷ್ಟೇ."

ಮೈಕನ್ನು ಕೊಕ್ಕೆಗೆ ಹಾಕಿದಳು. ಬೆಳಗಿನಿಂದ ಒಂದು ನಿಮಿಷ ಬಿಡುವಿಲ್ಲದೆ ಹರಟುತ್ತಿದ್ದ ರೇಡಿಯೋದಲ್ಲಿ ಈಗ ಒಬ್ಬರ ಉಸಿರೂ ಇರಲಿಲ್ಲ. ಲೈಲ್ ಬನ್ನಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಚೆಲ್ಲಿಹೋಗುವ ವಸ್ತುವೇನೋ ಎಂಬಂತೆ ಅಲುಗಾಡದೆ ಕೂತಿದ್ದ.

ಗಾಡಿಗಳನ್ನು ಒಂದೊಂದಾಗಿ ಬಿಡುತ್ತ ಅಲ್ಲೇ ಉಳಿದಿದ್ದ ವೆಂಡೆಲ್ ನಡೆದುಕೊಂಡು ಬಂದ. ಕಿಟಕಿಯ ಕೆಳಗೆ ನಿಂತು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾನು ಆ ಪೊಲೀಸಿನವರಿಗೆ ನಗುನಗ್ತಾ ಹೇಳಿದೆ, ಆರ್ಡಿಸ್. ನಮ್ಮವರಲ್ಲ ಅಂತ. ನಗುನಗ್ತಾ." ಅವಳು ತಲೆ ತಗ್ಗಿಸಲಿಲ್ಲ, ತಗ್ಗಿಸಿದರೆ ಮತ್ತೆ ಎತ್ತಲಾಗುವುದಿಲ್ಲವೆಂದು ಗೊತ್ತಿತ್ತು. ಅವನು ತನ್ನ ಉಪಗ್ರಹ ಫೋನಿನಲ್ಲಿ ದೂರ ಹೋಗಿ ನಿಂತು ಮಾತಾಡಿ ಬಂದ. ಮುಂದಿನ ಊರಲ್ಲೂ ಪೊಲೀಸ್ ಠಾಣೆಯಿದೆ, ಅಲ್ಲಿ ಹೇಳಿಕೆ ಕೊಟ್ಟರೂ ನಡೆಯುತ್ತದಂತೆ, ತಂಡದ ಜೊತೆಗೇ ಬರಬಹುದು ಎಂದ. ಹಾಗೆ ಹೇಳುವಾಗ ಅವನ ಕಣ್ಣು ಗಾಡಿಯ ಚಕ್ರದ ಮೇಲಿತ್ತು.

"ಹುಡುಗಿ ಎಲ್ಲಿದಾಳಂತೆ?"

"ಅಲ್ಲೇ, ರಸ್ತೆ ಕೆಲಸದ ಹತ್ರ. ಅದು ಇಲ್ಲಿಂದ ನೂರಾ ಎಂಬತ್ತು ಮೈಲಿ ಹಿಂದೆ."

"ಪೊಲೀಸಿನವರು ಅಲ್ಲಿಗೇ ಬರಲಿ. ಸಂಜೆ ಆರಕ್ಕೆ ನಾವಲ್ಲಿರ್ತೀವಿ."

ವೆಂಡೆಲ್ ಹೋಗದೆ ನಿಂತೇ ಇದ್ದ. ಕೊನೆಗೆ, "ತಂಡ ಬಿಟ್ಟು ಹೋಗೋರು ಬಿಲ್ಲೆ, ನಂಬರು ವಾಪಸ್ ಕೊಡಬೇಕು" ಎಂದ. ಎದೆಯ ಬಿಲ್ಲೆಗಳನ್ನು ಅವಳು ಬಿಚ್ಚಿಕೊಟ್ಟಳು. ಲೈಲ್‌ನದನ್ನೂ ಅವಳೇ ಬಿಚ್ಚಬೇಕಾಯಿತು, ಪಿನ್ನು ಅವನ ಅಂಗಿಯ ದಾರಕ್ಕೆ ಸಿಕ್ಕಿಕೊಂಡಿತ್ತು. ಗಾಡಿಯ ಹಿಂದೆ ಅಂಟಿಸಿದ್ದ ಏಳನ್ನು ವೆಂಡೆಲ್ ಉಗುರಿನಿಂದ ಕೆರೆದು ಕೀಳುವ ಸದ್ದು ಒಳಗೆ ಕೂತ ಇಬ್ಬರಿಗೂ ಕೇಳಿಸುತ್ತಿತ್ತು. ಅದು ಸುಲಭವಾಗಿ ಬರಲಿಲ್ಲ. ಆ ಹೊತ್ತಿನಲ್ಲೇ ಉಳಿದ ಗಾಡಿಗಳು ಒಂದೊಂದಾಗಿ ಹೊರಟವು. ಕೆಲವರು ಕೈಯೆತ್ತಿದರು, ಹಲವರು ರಸ್ತೆಯನ್ನೇ ನೋಡುತ್ತ ಹೋದರು. ಬೆಳಿಗ್ಗೆ ಸರ್ಕಾರದ ಮಾತಾಡಿದ ಗಂಡಸು ಕಿಟಕಿಯ ಗಾಜು ಏರಿಸಿಕೊಂಡ. ಓಪಲ್ ಮಾತ್ರ ಗಾಡಿ ನಿಲ್ಲಿಸಿ, ಇಳಿಯದೆ ಕೂಗಿ ಹೇಳಿದಳು: "ಇಳಿಜಾರಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗಬೇಡ ಕಣೆ, ಸುಟ್ಟುಹೋಗುತ್ತೆ. ಗೇರ್ ಇಳಿಸು!" ಅದಕ್ಕಿಂತ ಬೇರೆ ಮಾತು ಅವಳಿಗೂ ಹೊಳೆದಿರಲಿಕ್ಕಿಲ್ಲ.

ಗಾಡಿ ದಕ್ಷಿಣಕ್ಕೆ ತಿರುಗಿತು. ಮುಂದೆ ಧೂಳಿರಲಿಲ್ಲ, ರಸ್ತೆ ಬರಿದಾಗಿತ್ತು. ಒಂದು ಗಂಟೆ, ಒಂದೂವರೆ ಗಂಟೆ ಲೈಲ್ ತುಟಿ ಬಿಚ್ಚಲಿಲ್ಲ. ಅವಳಿಗೆ ಭುಜ ನೋಯುತ್ತಿತ್ತು, ಬಾಯಾರುತ್ತಿತ್ತು, ನೀರು ಕೊಡು ಎಂದು ಕೇಳಲು ಮನಸ್ಸಾಗಲಿಲ್ಲ. ಜೈಲು ಎಂಬ ಪದ ಒಂದು ಸಲ ಬಂದುಹೋಯಿತು. ಅದರ ಹಿಂದೆಯೇ ಮಗನ ಮುಖ, ಚರ್ಚಿನಲ್ಲಿ ತಮ್ಮ ಬೆಂಚಿನ ಹಿಂದೆ ಕೂರುವ ಹೆಂಗಸರ ಮುಖ. ಬರಲಿ ಎಂದುಕೊಂಡಳು. ಎಲ್ಲ ಬರಲಿ, ಸಾಲಾಗಿ ಬರಲಿ. ಎರಡು ದಿನಗಳ ಭಾರ ಇಳಿದಿರಲಿಲ್ಲ. ಆದರೆ ಅದನ್ನು ಹೊತ್ತು ಎಲ್ಲಿಗೆ ಹೋಗಬೇಕೆಂಬುದು ಈಗ ಗೊತ್ತಿತ್ತು, ನೂರಾ ಹತ್ತು ಮೈಲಿ ಉಳಿದಿತ್ತು. ಒಂದು ತಿರುವು ದಾಟಿದಾಗ ಬಲಬದಿಯ ಜೌಗಿನಿಂದ ಏನೋ ಎದ್ದು ರಸ್ತೆಯ ಅಂಚಿಗೆ ಬಂತು. ಅವಳು ಗೇರ್ ಇಳಿಸಿ, ಮೆಲ್ಲಗೆ ನಿಲ್ಲಿಸಿದಳು.

"ಯಾಕೆ ನಿಲ್ಲಿಸಿದೆ?"

"ನಿನ್ನ ಕಿಟಕಿಯಾಚೆ ಇದೆ. ಕಾಣ್ತಿದೆಯಾ?"

ಅವನು ತಲೆ ತಿರುಗಿಸಿದ. ಇನ್ನೂ ತಿರುಗಿಸಿದ. "ಇಲ್ಲ," ಎಂದ. ಆಮೇಲೆ, ಬಹಳ ಹೊತ್ತಾದ ಮೇಲೆ, "ಏನದು?"

"ಮೂಸು. ಹೆಣ್ಣು. ಮೊಣಕಾಲಿನ ತನಕ ಕೆಸರು ಮೆತ್ಕೊಂಡಿದೆ. ಬಾಯಲ್ಲಿ ಹುಲ್ಲು ಜೋತಾಡ್ತಿದೆ, ನೀರು ಸುರೀತಿದೆ. ನಮ್ಮನ್ನೇ ನೋಡ್ತಿದೆ."

"ಮರಿ ಇದೆಯಾ ಜೊತೇಲಿ?"

"ಇದೆ. ಹಿಂದೆ. ಕಿವಿ ಮಾತ್ರ ಕಾಣಿಸ್ತಿದೆ."

"ಹಾಗಾದ್ರೆ ಹಾರನ್ ಹೊಡೀಬೇಡ," ಎಂದ ಲೈಲ್. "ಅದೇ ದಾಟ್ಕೊಂಡು ಹೋಗುತ್ತೆ." ಕುದುರೆಗಿಂತ ಎತ್ತರದ ಆ ಕಾಡುಜಿಂಕೆ ದಾಟಿ ಹೋಗುವ ತನಕ ಕಾದರು. ಅವನು ಕೈ ಹಿಂದೆ ಚಾಚಿ, ತಡಕಾಡಿ, ನೀರಿನ ಬಾಟಲಿ ಹುಡುಕಿ ಅವಳಿಗೆ ಕೊಟ್ಟ. "ಆ ಹುಡುಗಿಗೆ ಎಷ್ಟು ವಯಸ್ಸಿರಬಹುದು?" ಎಂದು ಕೇಳಿದ. "ಇಪ್ಪತ್ತೆರಡೋ ಮೂರೋ," ಎಂದಳು. ಅವನು ತಲೆಯಾಡಿಸಿದ.

ರಸ್ತೆ ಕೆಲಸದ ಜಾಗಕ್ಕೆ ಬಂದಾಗ ಐದೂವರೆ. ಹೊಳೆಯುವ ಅಂಗಿಯ ಒಬ್ಬ ದಪ್ಪ ಗಂಡಸು ಫಲಕ ಹಿಡಿದು ನಿಂತಿದ್ದ. ಅವಳು ಗಾಡಿ ನಿಲ್ಲಿಸಿ, ಇಳಿದು, ಮೊನ್ನೆ ಪೆಟ್ಟಾದ ಹುಡುಗಿ ಎಲ್ಲಿ ಎಂ‍ದು ಕೇಳಿದಳು. ಅವನು ಮೊದಲು ಅವಳನ್ನು, ಆಮೇಲೆ ಕನ್ನಡಿಯ ಕಪ್ಪು ಟೇಪನ್ನು ನೋಡಿದ. "ರೋವೆನಾ," ಎಂದು ಪಿಕಪ್ ಟ್ರಕ್ಕಿನ ಕಡೆ ಕೂಗಿದ, "ನಿನ್ನ ನೆಂಟರು ಬಂದಿದಾರೆ." ಎಡಗೈಗೆ ಬಿಳಿ ಪ್ಲಾಸ್ಟರ್ ಪಟ್ಟು ಹಾಕಿಸಿಕೊಂಡ ಹುಡುಗಿ, ಗಿಡ್ಡ, ಕಪ್ಪು ಜಡೆ, ಕತ್ತಿನಲ್ಲಿ ರೇಡಿಯೋ, ಇಳಿದು ಬಂದಳು. ಲೈಲ್ ಅಷ್ಟರಲ್ಲಿ ಗಾಡಿಯ ಮೂತಿಯನ್ನು ಕೈಯಿಂದ ಸವರಿಕೊಳ್ಳುತ್ತ ಮುಂದಿನಿಂದ ಸುತ್ತಿಬಂದು ನಿಂತಿದ್ದ. ಟೋಪಿ ತೆಗೆದಿದ್ದ.

"ಓಡಿಸ್ತಿದ್ದವನು ನಾನು," ಎಂದ. "ನಂಗೆ ಬಲಗಡೆ ಕಾಣೋಲ್ಲಮ್ಮ. ಕಾಣೋಲ್ಲ ಅಂತ ಗೊತ್ತಿದ್ದೂ ಓಡಿಸ್ದೆ."

ಹುಡುಗಿ ಅವನನ್ನು ನೋಡಿದಳು. "ನಿಮ್ಮನ್ನ ನಾನು ನೋಡೇ ಇಲ್ಲ," ಎಂದಳು. ಆಮೇಲೆ ಆರ್ಡಿಸ್ ಕಡೆ ತಿರುಗಿದಳು. "ನಿಮ್ಮನ್ನ ನೋಡಿದೀನಿ. ಕಿಟಕೀಲಿದ್ರಿ. ನೀವೂ ನನ್ನನ್ನ ನೋಡಿದ್ರಿ."

ಆರ್ಡಿಸ್‌ ಅವಳ ಮುಖ ನೋಡಿದಳು. ಕಿತ್ತಳೆ ಅಂಗಿಯೊಂದನ್ನೇ ನೆನಪಿಟ್ಟುಕೊಂಡಿದ್ದಳು ಎರಡು ದಿನ. ಅದರ ಮೇಲೆ ಒಂದು ಮುಖವಿತ್ತು, ಇದೇ ಮುಖ.

"ಆ ಅಮ್ಮ ನೋಡಿದ್ರಲ್ಲ, ಗಾಡಿ ನಿಲ್ಲಿಸೋಕೆ ಹೇಳ್ತಾರೆ ಅಂದ್ಕೊಂಡೆ," ಎಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ವರದಿ ಒಪ್ಪಿಸುವಂತಿತ್ತು. "ಧೂಳೆಲ್ಲ ಇಳಿಯೋ ತನಕ ಅಲ್ಲೇ ಕೂತು ಕಾದೆ."

"ನೋಡಿದೆ," ಎಂದಳು ಆರ್ಡಿಸ್. "ನೋಡಿ, ಕಲ್ಲು ಅಂತ ಇವರಿಗೆ ಹೇಳ್ದೆ. ಸಂಜೆ ಕನ್ನಡೀಗೆ ಹತ್ತಿದ್ದ ಬಣ್ಣಾನೂ ಒರೆಸಿದೆ." ಕ್ಷಮಿಸು ಎಂಬ ಮಾತು ಅದರ ಹಿಂದೆಯೇ ಬರಬೇಕಿತ್ತು. ಅದನ್ನು ಈಗಲೇ ಕೇಳುವುದು ಮತ್ತೊಂದು ಕೈ ಚಾಚಿದಂತೆ ಎನ್ನಿಸಿ ನಿಲ್ಲಿಸಿದಳು.

ಹುಡುಗಿ ಪಟ್ಟಿನೊಳಗೆ ಬೆರಳು ತೂರಿಸಿ ತುರಿಸಿಕೊಂಡಳು. "ಪೊಲೀಸಿನವರ ಹತ್ರಾನೂ ಹೀಗೇ ಹೇಳಿ. ಆರಕ್ಕೆ ಬರ್ತಾರೆ." ಹಿಂದೆ ಎರಡು ಲಾರಿಗಳು ಬಂದು ನಿಂತು ಹಾರನ್ ಬಾರಿಸತೊಡಗಿದ್ದವು. ಅವಳು ಆ ಕಡೆ ನೋಡಿ, ಮುಖ ಸಿಂಡರಿಸಿ, "ಮೊದಲು ಗಾಡಿ ರಸ್ತೆಯಿಂದ ತೆಗೀರಿ. ಅಲ್ಲಿ, ಜಲ್ಲಿ ರಾಶಿ ಪಕ್ಕ. ಹಿಂದಕ್ಕೆ ಹಾಕಬೇಕು. ಬರುತ್ತಾ?" ಎಂದಳು.

"ಗೊತ್ತಿಲ್ಲ," ಎಂದಳು ಆರ್ಡಿಸ್. "ಇವತ್ತೇ ಮೊದಲು."

"ನಾನು ಹೇಳ್ದಷ್ಟೇ ಬನ್ನಿ."

ಆರ್ಡಿಸ್ ಹತ್ತಿ ಕೂತಳು. ಹುಡುಗಿ ಗಾಡಿಯ ಹಿಂದೆ ಹೋಗಿ ರಸ್ತೆಯ ಬಲಬದಿಯಲ್ಲಿ, ಕನ್ನಡಿಯಲ್ಲಿ ಕಾಣುವ ಕಡೆ ನಿಂತು, ಪಟ್ಟಿಲ್ಲದ ಕೈಯೆತ್ತಿ ಸನ್ನೆ ಮಾಡಿದಳು. ಆರ್ಡಿಸ್ ಆ ಕೈಯಿಂದ ಕಣ್ಣು ಕೀಳದೆ, ಒಂದೊಂದೇ ಅಡಿ, ಹಿಂದಕ್ಕೆ ಬಂದಳು. ಲಾರಿಯವರು ಹಾರನ್ ಬಾರಿಸುತ್ತಲೇ ಇದ್ದರು. ಅವಳು ಅವಸರ ಮಾಡಲಿಲ್ಲ. ಕೈ ಬಲಕ್ಕೆ ಬೀಸಿದಾಗ ಬಲಕ್ಕೆ, ಎಡಕ್ಕೆ ಬೀಸಿದಾಗ ಎಡಕ್ಕೆ. ಅಂಗೈ ಬಿಚ್ಚಿ, ಸಾಕು ಎಂದು ತೋರಿಸಿದಾಗ ನಿಲ್ಲಿಸಿದಳು.